ಕೆಂಪಗಾದರೆ ವಾಪಸ್

ಶಿರಾಳಕೊಪ್ಪದಿಂದ ಶಿಕಾರಿಪುರದ ಕಡೆ ಹೊರಟರೆ, ಅಂಗಡಿಗಳು ಮುಗಿದು ಮೆಕ್ಕೆಜೋಳದ ಹೊಲ ಶುರುವಾಗುವಲ್ಲಿ ಎಡಕ್ಕೊಂದು ತಗಡಿನ ಶೆಡ್ಡು ಸಿಗುತ್ತದೆ. ಮೊದಲು ಜೋಳದ ಗೋದಾಮಾಗಿತ್ತು. ಈಗ ಹೊರಗೆ ಕಂಪನಿಯ ಬೋರ್ಡಿದೆ, ಒಳಗೆ ಆಲೂಗಡ್ಡೆಯಿದೆ, ಮೂಲೆಯಲ್ಲಿ ನಾನಿದ್ದೇನೆ. ನನ್ನ ಹುದ್ದೆಯ ಹೆಸರು ಕ್ವಾಲಿಟಿ ಎಕ್ಸಿಕ್ಯೂಟಿವ್. ಕೆಲಸವೇನೆಂದರೆ, ಕರಿದ ಆಲೂಗಡ್ಡೆಯ ಪಕ್ಕ ಬಣ್ಣದ ಕಾರ್ಡೊಂದನ್ನು ಹಿಡಿದು ಅದು ಯಾವ ನಂಬರಿಗೆ ಹೊಂದುತ್ತದೆಂದು ಹೇಳುವುದು. ನಮ್ಮವ್ವ ನೆಂಟರಿಗೆಲ್ಲ "ನಮ್ಮ ಚನ್ನೇಶ ಲ್ಯಾಬಿನಾಗ ಅದಾನ" ಎಂದು ಹೇಳಿಕೊಂಡು ಬಂದಿದ್ದಳು. ಹೆಣ್ಣಿನ ಕಡೆಯವರೊಬ್ಬರು ಆ ಲ್ಯಾಬು ನೋಡಲು ಬಂದೇಬಿಟ್ಟರು. ಒಂದು ಟೇಬಲ್ಲು, ಟೈಮಾದರೆ ಗಂಟೆ ಹೊಡೆಯುವ ಕರೆಂಟಿನ ಬಾಣಲೆ, ಎಣ್ಣೆಯ ಡಬ್ಬ, ನಾನು. ಅವರು ಎರಡು ಫ್ರೆಂಚ್ ಫ್ರೈಸ್ ತಿಂದು, ಉಪ್ಪಿಲ್ಲ ಎಂದು ಹೇಳಿ ಹೋದರು. ಸಂಬಂಧ ಅಲ್ಲಿಗೆ ನಿಂತಿತು.

ನನ್ನ ವಿಷಯ ಇಷ್ಟೇ ಇರುವುದು. ಆ ಬಾಣಲೆಯ ಮುಂದೆ ನಿಲ್ಲುವ ನಾಗವೇಣಕ್ಕನ ವಿಷಯ ಸ್ವಲ್ಪ ಜಾಸ್ತಿ ಇದೆ.

ಅಕ್ಕ ಹುಟ್ಟಿದ್ದು ಸೊರಬದ ಕಡೆಯ ಕುಬಟೂರಿನಲ್ಲಿ, ಕೊಟ್ಟಿದ್ದು ಶಿಕಾರಿಪುರದ ಕಡೆಯ ತೊಗರ್ಸಿಗೆ. ಗಂಡ ಶಿವರಾಮಣ್ಣ ಶಿರಾಳಕೊಪ್ಪದ ಬಸ್‌ಸ್ಟ್ಯಾಂಡ್ ಬಳಿ ಬಜ್ಜಿ ಗಾಡಿ ಇಟ್ಟಿದ್ದರು. ಗಾಡಿ ಅವರದು, ಕೈ ಅಕ್ಕನದು. ಹಿಟ್ಟು ಕಲಸುವುದು, ಮೆಣಸಿನಕಾಯಿ ಸೀಳುವುದು, ಕರಿಯುವುದು ಎಲ್ಲ ಅಕ್ಕ. ಶಿವರಾಮಣ್ಣ ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಕಾಲೇಜಿನಿಂದ ಬಸ್ಸಿಗೆ ಕಾಯುವಾಗ ನಾನೂ ಅಲ್ಲಿ ತಿಂದಿದ್ದೇನೆ. ಗಿರಾಕಿಗಳು ನಿಂತಲ್ಲಿಂದಲೇ "ಅಕ್ಕಾ, ಕೆಂಪಗೆ ತೆಗಿಯಕ್ಕಾ" ಅನ್ನುತ್ತಿದ್ದರು. ಹಾಗೆ ಹೇಳಿಸಿಕೊಳ್ಳಬೇಕಾದ ಅಗತ್ಯ ಅಕ್ಕನಿಗೆ ಇರಲಿಲ್ಲ. ಬೇರೆ ಬಣ್ಣದಲ್ಲಿ ಅವಳು ಯಾವತ್ತೂ ತೆಗೆದವಳಲ್ಲ.

ರಸ್ತೆ ಅಗಲ ಮಾಡಿದಾಗ ಗಾಡಿಯ ಜಾಗ ಹೋಯಿತು. ಶಿವರಾಮಣ್ಣ ಇಟ್ಟಿಗೆ ಭಟ್ಟಿಗೆ ಹೋಗತೊಡಗಿದರು. ಅಕ್ಕ ನಮ್ಮ ಶೆಡ್ಡಿಗೆ ಬಂದಳು. ಕರಿಯಲು ಬರುವವರು ಬೇಕೆಂದು ನಮ್ಮ ಮ್ಯಾನೇಜರ್ ಮಹೇಶ್ವರಪ್ಪನವರು ಹುಡುಕುತ್ತಿದ್ದರು, ಅಕ್ಕನಿಗಿಂತ ಚೆನ್ನಾಗಿ ಕರಿಯುವವರು ಸುತ್ತಮುತ್ತ ಇರಲಿಲ್ಲ. ಕರಿಯುವುದು ಅಷ್ಟು ಗೊತ್ತಿದ್ದದ್ದೇ ತೊಂದರೆಯಾಯಿತು. ಮೊದಲ ದಿನ ಬಂದ ಲೋಡುಗಳನ್ನೆಲ್ಲ ಅಕ್ಕ ಒಂದೂ ಬಿಡದೆ ಫೇಲು ಮಾಡಿದಳು.

"ಏನಬೇ ಇದು," ಎಂದು ಮಹೇಶ್ವರಪ್ಪನವರು ತಟ್ಟೆ ನೋಡಿ ತಲೆ ಹಿಡಿದುಕೊಂಡರು. "ಎಲ್ಲಾ ಕೆಂಪಗ ಮಾಡಿ ಇಟ್ಟೀಯಲ್ಲ."

"ಕರಿಯದು ಅಂದ್ರೆ ಕೆಂಪಗೆ ಅಲ್ದನ್ರೀ ಮತ್ತೆ?"

"ಕೆಂಪಗಾದ್ರ ವಾಪಸ್ ಹೋಗ್ತೈತಿ. ಗಂಟಿ ಹೊಡದ ಕೂಡಲೇ ಎತ್ತಬೇಕು. ಬೆಳ್ಳಗಿರಬೇಕು."

"ಬೆಳ್ಳಗಿದ್ರೆ ಹಸಿ ಅಲ್ದಾ? ಹಸಿ ಯಾರು ತಿಂತಾರೆ?"

"ನಾವು ತಿನ್ನಲ್ಲ. ತಿನ್ನೋರು ಬ್ಯಾರೆ ಅದಾರ."

ಅಕ್ಕ ನನ್ನ ಕಡೆ ತಿರುಗಿ, "ಏನ್ ಬಣ್ಣದ ಸಾರೇ, ಹೌದೇನು?" ಎಂದಳು. ಹೌದೆಂದು ಕಾರ್ಡು ತೋರಿಸಿದೆ. ಬೆಣ್ಣೆಯ ಬಣ್ಣದಿಂದ ಜೋನಿ ಬೆಲ್ಲದ ಬಣ್ಣದವರೆಗೆ ಸಾಲಾಗಿ ಚೌಕಗಳು. ಮೊದಲಿನ ಎರಡು ಪಾಸು, ಉಳಿದದ್ದು ಫೇಲು. ಅಕ್ಕ ಕೊನೆಯ ಚೌಕದ ಮೇಲೆ ಬೆರಳಿಟ್ಟು, "ನಾ ಇಷ್ಟು ದಿನ ಮಾರಿದ್ದು ಇದು" ಎಂದಳು. ಅಂದಿನಿಂದ ನನ್ನ ಹೆಸರು ಬಣ್ಣದ ಸಾರು. ಹಮಾಲರು ಅದರಲ್ಲಿ ಎರಡನೆಯ ಪದವನ್ನು ತಿಳಿಸಾರಿನ ಹಾಗೆ ಎಳೆದು ಕರೆಯುತ್ತಾರೆ.

ಈ ಬಿಳಿ ಬಣ್ಣ ಯಾಕೆ ಎಂಬುದನ್ನು ನಾನು ಟ್ರೈನಿಂಗ್ ವಿಡಿಯೋದಲ್ಲಿ ನೋಡಿದ್ದೆ. ಆಲೂಗಡ್ಡೆಯೊಳಗೆ ಸಕ್ಕರೆ ಜಾಸ್ತಿಯಾದರೆ ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗುತ್ತದೆ. ಕಂಪನಿಗೆ ಎಲ್ಲ ಊರಿನ ಎಲ್ಲ ಹೋಟೆಲಿನಲ್ಲೂ ಒಂದೇ ಬಣ್ಣ ಬೇಕು. ಹಾಗಾಗಿ ಬಿತ್ತನೆ ಗಡ್ಡೆಯನ್ನು ಕಂಪನಿಯೇ ಕೊಡುತ್ತದೆ, ಉದ್ದುದ್ದನೆಯ ಜಾತಿ. ನಮ್ಮ ರೈತರು ಅದನ್ನು ಏರು ಮಾಡಿ ಹೂಳುತ್ತಾರೆ, ಗಿಡ ಒಣಗಿದ ಮೇಲೆ ಅಗೆಯುತ್ತಾರೆ. ನಮ್ಮ ಶೆಡ್ಡಿನಲ್ಲಿ ಆರಿಸಿ, ಕರಿದು ನೋಡಿ, ಲಾರಿಗೆ ತುಂಬಿದರೆ ಅದು ಉತ್ತರದ ಕಡೆ ಎಲ್ಲೋ ಇರುವ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಹಬೆ ಹಾಯಿಸಿ ಸಿಪ್ಪೆ ತೆಗೆಯುತ್ತಾರೆ. ನೀರಿನ ಜೊತೆ ಗಡ್ಡೆಯನ್ನು ಪೈಪಿನಲ್ಲಿ ಬಿಡುತ್ತಾರೆ, ಅದು ಓಡಿ ಹೋಗಿ ಬ್ಲೇಡುಗಳ ಮೇಲೆ ಬಿದ್ದು ಕಡ್ಡಿಕಡ್ಡಿಯಾಗಿ ಆಚೆ ಬರುತ್ತದೆ. ಬಿಸಿ ನೀರಿನಲ್ಲಿ ಅದ್ದಿ, ಒಣಗಿಸಿ, ಅರ್ಧ ಕರಿದು, ಕಲ್ಲಿನಂತೆ ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬುತ್ತಾರೆ. ಐಸಿನ ಲಾರಿಯಲ್ಲಿ ಅದು ಮತ್ತೆ ಶಿವಮೊಗ್ಗದವರೆಗೆ ಬರುತ್ತದೆ. ಅಲ್ಲೊಬ್ಬ ಟೋಪಿ ಹಾಕಿದ ಹುಡುಗ ಉಳಿದರ್ಧ ಕರಿದು, ಉಪ್ಪು ಹಾಕಿ, ಕೆಂಪು ರಟ್ಟಿನಲ್ಲಿ ನಿಲ್ಲಿಸಿ ಕೊಡುತ್ತಾನೆ. ನಮ್ಮೂರ ಆಲೂಗಡ್ಡೆ ತಿರುಗಿದಷ್ಟು ಊರು ನಾನು ತಿರುಗಿಲ್ಲ.

ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, "ಇಷ್ಟು ಮಾಡಿ ಬಜ್ಜಿ ಕೂಡ ಆಗಲ್ವಲ್ಲ" ಎಂದಳು. ಆಮೇಲೆ ಕಲಿತಳು. ಒಂದು ಹಂಗಾಮು ಕಳೆಯುವಷ್ಟರಲ್ಲಿ ಗಂಟೆಗೂ ಅವಳ ಕೈಗೂ ವ್ಯತ್ಯಾಸವಿಲ್ಲದಂತಾಯಿತು. ಗಂಟೆ ಹೊಡೆಯಿತು, ಬುಟ್ಟಿ ಎದ್ದಿತು. ದಿನವಿಡೀ ಬಿಳಿ ಕಡ್ಡಿಗಳನ್ನು ಕರಿದು ನನ್ನ ಮುಂದೆ ಇಡುತ್ತಾಳೆ, ನಾನು ನಂಬರು ಹೇಳುತ್ತೇನೆ, ಮಹೇಶ್ವರಪ್ಪನವರು ಗೇಟು ತೆಗೆಸುತ್ತಾರೆ ಇಲ್ಲವೇ ತೆಗೆಸುವುದಿಲ್ಲ. ಸಂಜೆ ಹೊತ್ತಿಗೆ ನಮ್ಮಿಬ್ಬರಿಗೂ ಯಾವ ರುಚಿಯೂ ಗೊತ್ತಾಗುವುದಿಲ್ಲ. ನಾನು ಮನೆಗೆ ಹೋಗಿ ಹುಳಿ ಉಂಡರೂ ಎಣ್ಣೆಯೇ.

ಕಳೆದ ವರ್ಷ ಅಕ್ಕ ತನ್ನ ತಮ್ಮ ತೀರ್ಥೇಶನ ಕೈಯಲ್ಲಿ ಆಲೂಗಡ್ಡೆ ಹಾಕಿಸಿದಳು.

ಕುಬಟೂರಿನಲ್ಲಿ ಅಕ್ಕನಿಗೆ ತನ್ನವರು ಅಂತ ಉಳಿದಿದ್ದವನು ಅವನೊಬ್ಬನೇ. ಅಪ್ಪ ಅಮ್ಮ ಹೋದ ಮೇಲೂ ಅವನು ತವರು ತಪ್ಪಿಸಿರಲಿಲ್ಲ. ಹೊಸ ಅಕ್ಕಿ ಆದ ಕೂಡಲೇ ಚೀಲ ತೊಗರ್ಸಿಗೆ ಬರುತ್ತಿತ್ತು, ಯುಗಾದಿಗೆ ಕರೆಯಲು ಅವನೇ ಬರುತ್ತಿದ್ದ. ಅಕ್ಕ ಶೆಡ್ಡಿನಲ್ಲಿ ಹೆಚ್ಚು ಮಾತಾಡುತ್ತಿದ್ದ ಒಂದೇ ವಿಷಯ ಅದು. ಬುತ್ತಿ ಬಿಚ್ಚಿದ ಕೂಡಲೇ "ಇದು ಕುಬಟೂರಿನ ಅಕ್ಕಿ" ಅನ್ನುವಳು, ನಾವು ಕೇಳದಿದ್ದರೂ. ನಾವು ಕೇಳುತ್ತಿರಲಿಲ್ಲ.

ಗದ್ದೆ ನೋಡಲು ಕಂಪನಿಯ ಪರವಾಗಿ ನಾನೇ ಹೋಗಿದ್ದೆ, ಅಕ್ಕನೂ ಬಂದಿದ್ದಳು. ಭತ್ತ ಕೊಯ್ದ ಗದ್ದೆಗೆ ಉದ್ದೋ ಅಲಸಂದೆಯೋ ಚೆಲ್ಲುವುದು ಅವರ ರೂಢಿ. ತೀರ್ಥೇಶ ಬದುವಿನ ಮೇಲೆ ನಿಂತು ತಲೆ ಕೆರೆದುಕೊಂಡ.

"ನಮಗಿದು ಗೊತ್ತಿಲ್ಲದ ಬೆಳೆ, ಅಕ್ಕ. ತಗಳದೇ ಇದ್ರೆ ಎಂತ ಮಾಡದು?"

"ತಗಂತಾರೆ. ಕರಿಯೋಳು ನಾನೇ ಅಲ್ದನಾ ಅಲ್ಲಿ?"

ಅವನ ಹೆಂಡತಿ ನಯನ ಚಹದ ಲೋಟ ಕೊಡುತ್ತ ನಕ್ಕಳು. "ನೋಡು ಮತ್ತೆ ಅತ್ತಿಗೆ. ನಿನ್ನ ಮಾತಿನ ಮೇಲೆ ಹಾಕದು. ಸುಳ್ಳಾದ್ರೆ ಈ ಹೊಸ್ತಿಲು ತುಳಿಯಂಗಿಲ್ಲ."

"ತುಳಿಯಲ್ಲ ಬಿಡೇ," ಎಂದು ಅಕ್ಕನೂ ನಕ್ಕಳು.

ಗಿಡ ಚೆನ್ನಾಗಿ ಬಂತು. ಮಾಘ ಕಳೆಯುತ್ತಿದ್ದಂತೆ ಅಗೆದರು, ಗಡ್ಡೆಯೂ ಚೆನ್ನಾಗಿತ್ತು, ಒಂದೊಂದೂ ಅಂಗೈಯುದ್ದ. ಲಾರಿಗಳು ಮಾತ್ರ ಬರಲಿಲ್ಲ. ಫ್ಯಾಕ್ಟರಿಯಲ್ಲಿ ಏನೋ ಕೆಟ್ಟು ನಿಂತಿತ್ತು. ಮುಂದೆ ಹೇಳುವವರೆಗೂ ಯಾರೂ ಮಾಲು ತರಬಾರದು ಎಂದು ಮೇಲಿನಿಂದ ಫೋನು ಬಂತು. ನಾನು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಮೊಬೈಲು ನೋಡುತ್ತ ಕೂತೆ. ಅದಕ್ಕೂ ಸಂಬಳ ಕೊಟ್ಟರು, ಹೀಗಾಗಿ ನನಗೆ ನನ್ನ ಕೆಲಸದ ಬೆಲೆ ಸರಿಯಾಗಿ ತಿಳಿಯಿತು.

ಆಗ ತೀರ್ಥೇಶ ಅಕ್ಕನಿಗೆ ಫೋನು ಮಾಡಿದ. ನಾನು ಪಕ್ಕದಲ್ಲೇ ಇದ್ದೆ.

"ಬಿಸಿಲಿಗೆ ಹಾಕಬ್ಯಾಡ, ಹಸಿರಾಗತವೆ," ಎಂದಳು ಅಕ್ಕ. "ತಂಪಲ್ಲಿ ಇಡು. ಹೂಂ, ತಂಪಲ್ಲಿ. ಲಾರಿ ಬಂದ ಕೂಡ್ಲೇ ಹೇಳ್ತೀನಿ."

ಅಷ್ಟೇ ಮಾತು. ತಂಪು ಎಂದರೆ ನಮ್ಮ ಕಡೆ ಮಾವಿನ ಮರದಡಿಯೂ ತಂಪು, ಕೊಟ್ಟಿಗೆಯ ಹಿಂದೂ ತಂಪು, ಮಜ್ಜಿಗೆ ಕುಡಿದರೆ ಹೊಟ್ಟೆಯೂ ತಂಪು. ಅಕ್ಕ ಹೇಳಿದ್ದು ಜಗಲಿಯ ನೆರಳನ್ನು. ನನಗೂ ಅದೇ ಕೇಳಿಸಿತು.

ಲಾರಿ ಬಂದ ದಿನ ತೀರ್ಥೇಶ ಗೂಡ್ಸ್ ಗಾಡಿಯಲ್ಲಿ ಮಾಲು ತುಂಬಿಕೊಂಡು ಬಂದ. ಗಾಡಿ ಕುಬಟೂರಿನ ದಿಕ್ಕಿನಿಂದ ಬರಲಿಲ್ಲ, ಶಿಕಾರಿಪುರದ ಕಡೆಯಿಂದ ಬಂತು. ಹೊಸ ಅಂಗಿ ಹಾಕಿದ್ದ. ನಯನಳೂ ಮುಂದೆ ಕೂತಿದ್ದಳು. ಹಮಾಲ ಸಣ್ಣಬೀರಪ್ಪ ಮೊದಲ ಚೀಲ ಬೆನ್ನಿಗೇರಿಸಿಕೊಂಡವನೇ, "ಎಲೆಲೆ, ಏನಲೇ ಇದು, ಐಸ್‌ಕ್ಯಾಂಡಿ ತುಂಬೀರೇನು?" ಎಂದು ಇಳಿಸಿಬಿಟ್ಟ.

ತೀರ್ಥೇಶನಿಗೆ ಅದೇ ಬೇಕಾಗಿತ್ತು. "ಅಕ್ಕ ತಂಪಲ್ಲಿ ಇಡು ಅಂದಿದ್ಲು. ನಮ್ಮನೇಲಿ ಎಂತ ತಂಪು ಇರ್ತದೆ ಈ ಬಿಸಿಲಿಗೆ? ಶಿಕಾರಿಪುರದಲ್ಲಿ ಹಣ್ಣಿನ ವ್ಯಾಪಾರದ ಗುರುಮಲ್ಲಪ್ಪನವರ ಸೇಬಿನ ಕೋಲ್ಡ್ ರೂಮಲ್ಲಿ ಹೇಳಿ ಇಡ್ಸಿದೆ. ಅವತ್ತು ಇಟ್ಟಿದ್ದು ಇವತ್ತೇ ತೆಗ್ಸಿದ್ದು. ಒಂದೂ ಬಾಡಿಲ್ಲ ನೋಡ್ರಿ."

ಬಾಡಿರಲಿಲ್ಲ. ನಿನ್ನೆ ಅಗೆದಂತಿದ್ದವು. ಬೇರೆ ರೈತರು ಅವನ್ನು ಮುಟ್ಟಿ ನೋಡಿ, ನಾವೂ ಹೀಗೆ ಮಾಡಬೇಕಿತ್ತು ಎಂದು ಮಾತಾಡಿಕೊಂಡರು. ಮಹೇಶ್ವರಪ್ಪನವರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಐಸಿನಂಥ ತಣ್ಣನೆಯ ಜಾಗದಲ್ಲಿ ಕೂತ ಆಲೂಗಡ್ಡೆ ಒಳಗೊಳಗೇ ಸಿಹಿಯಾಗುತ್ತದೆ ಎಂಬುದು ಆ ಟ್ರೈನಿಂಗ್ ವಿಡಿಯೋದಲ್ಲೇ ಇತ್ತು. ಅಕ್ಕನಿಗೆ ಯಾರೂ ಆ ವಿಡಿಯೋ ತೋರಿಸಿರಲಿಲ್ಲ. ಆದರೂ ನಾವಿಬ್ಬರೂ ಮುಖ ನೋಡಿಕೊಂಡದ್ದನ್ನು ಅವಳು ನೋಡಿದಳು.

"ಕರಿಯಲಾ?" ಎಂದಳು.

"ಕರಿಬೇಕಲ್ಲ," ಎಂದರು ಮಹೇಶ್ವರಪ್ಪ.

ಪದ್ಧತಿ ಪ್ರಕಾರ ಬೇರೆ ಬೇರೆ ಮೂರು ಚೀಲದಿಂದ ಗಡ್ಡೆ ತೆಗೆಯಬೇಕು. ಅಕ್ಕ ಮೊದಲನೆಯದನ್ನು ಸೀಳಿ, ಕಡ್ಡಿ ಮಾಡಿ, ಒರೆಸಿ, ಬುಟ್ಟಿಗೆ ಹಾಕಿ ಎಣ್ಣೆಗೆ ಇಳಿಸಿದಳು. ಗಂಟೆ ಇನ್ನೂ ದೂರವಿತ್ತು, ಕಡ್ಡಿಗಳ ಅಂಚು ಆಗಲೇ ಬಣ್ಣ ಹಿಡಿಯಿತು. ಗಂಟೆ ಹೊಡೆಯುವ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಬಜ್ಜಿಯ ಕೆಂಪಿಗೆ ಬಂದಿದ್ದವು. ಬುಟ್ಟಿ ಎದ್ದಿತು.

"ಆಹಾ," ಎಂದ ತೀರ್ಥೇಶ. ಅವನಿಗೆ ಗೊತ್ತಿರಲಿಲ್ಲ. ಒಂದು ಕಡ್ಡಿ ಬಾಯಿಗೆ ಹಾಕಿಕೊಂಡು, "ಏನ್ ರುಚಿ ಮಾರಾಯ್ತಿ, ಸಿಹಿ ಸಿಹಿ" ಎಂದು ನಯನಳಿಗೂ ಕೊಟ್ಟ. ಅವಳೂ ತಲೆಯಾಡಿಸಿದಳು.

ಬೇರೆ ಯಾರೂ ತಟ್ಟೆಗೆ ಕೈ ಹಾಕಲಿಲ್ಲ. ಅಕ್ಕ ಎರಡನೆಯದನ್ನು ಇಳಿಸಿದಳು. ಅದೂ ಹಾಗೇ. ಮಹೇಶ್ವರಪ್ಪನವರು ಅವನನ್ನು ಪಕ್ಕಕ್ಕೆ ಕರೆದು ಕೆಂಪಿನ ವಿಷಯ ಹೇಳಿದರು. ಅವನು ವಾಪಸ್ ಬಂದಾಗ ಹೊಸ ಅಂಗಿಯ ಕಾಲರಿನ ಒಳಗೆ ಕತ್ತು ಚಿಕ್ಕದಾದಂತೆ ಕಾಣುತ್ತಿತ್ತು. ಮೂರನೆಯ ಬುಟ್ಟಿ ಅಷ್ಟರಲ್ಲಿ ಎಣ್ಣೆಯಲ್ಲಿತ್ತು. ಅವನು ಅಕ್ಕನ ಹತ್ತಿರ ನಿಂತು, ಪಕ್ಕದಲ್ಲಿದ್ದ ನನಗಷ್ಟೇ ಕೇಳುವಷ್ಟು ಮೆಲ್ಲಗೆ, "ಅಕ್ಕ, ಈಗ್ಲೇ ಎತ್ತಬಾರ್ದನೇ" ಎಂದ.

ಆಗ ಎತ್ತಿದ್ದರೆ ಬಿಳಿಯಿರುತ್ತಿತ್ತು, ಮೊದಲಿನೆರಡರ ನಂಬರನ್ನು ನಾನಿನ್ನೂ ಹೇಳಿರಲಿಲ್ಲ. ಫ್ಯಾಕ್ಟರಿಯಲ್ಲಿ ಮತ್ತೆ ಕರಿದು ನೋಡುತ್ತಾರೆ, ಅಲ್ಲಿ ಸಿಕ್ಕಿಬಿದ್ದರೆ ಅದರ ಜೊತೆಗೆ ತುಂಬಿದ ಎಲ್ಲರ ಮಾಲೂ ವಾಪಸ್ ಬರುತ್ತದೆ. ಅದು ಅಕ್ಕನಿಗೆ ಗೊತ್ತು. ನನಗೂ ಗೊತ್ತು. ನಾನು ಕಾರ್ಡಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದೆ. ಅಕ್ಕ ಬೇಗ ಎತ್ತಿದ್ದರೆ ನಾನು ಒಂದನೇ ನಂಬರು ಎನ್ನುತ್ತಿದ್ದೆನೋ ಏನೋ. ನನ್ನಂಥವನ ಮೇಲೆ ಯಾರೂ ಅಷ್ಟು ಭರವಸೆ ಇಡಬಾರದು.

"ಗಂಟೆ ಹೊಡಿಲಿ," ಎಂದಳು ಅಕ್ಕ.

"ನಿನ್ನ ಮಾತು ಕೇಳಿಯೇ ಇಟ್ಟಿದ್ದು."

"ಹೌದು. ಗಂಟೆ ಹೊಡಿಲಿ."

ಹೊಡೆಯಿತು. ಅವಳು ಬುಟ್ಟಿ ಎತ್ತಿ, ಎಣ್ಣೆ ಬಸಿದು, ತಟ್ಟೆಗೆ ಸುರಿದಳು. ನಾನು ಕಾರ್ಡು ಹಿಡಿಯುವುದಕ್ಕೆ ಮುಂಚೆಯೇ, "ಕೆಂಪಗಾಗೈತೆ. ವಾಪಸ್" ಎಂದಳು. ನನ್ನ ಕೆಲಸವನ್ನು ಬೇರೆಯವರು ಮಾಡಿದ್ದು ಅದೊಂದೇ ಸಲ, ನಾನು ಬೇಡವೆನ್ನಲಿಲ್ಲ.

ಚೀಲಗಳನ್ನು ತಿರುಗಿ ಗಾಡಿಗೆ ಹಾಕಿದರು. ನಯನ ಸೀಟಿನಲ್ಲಿ ಕೂತು ಎದುರಿಗೆ ನೋಡುತ್ತಿದ್ದಳು. ತೀರ್ಥೇಶ ಬರ್ತೀನಿ ಅಂತಲೂ ಅನ್ನದೆ ಗಾಡಿ ಹತ್ತಿದ. ಗಾಡಿ ಗೇಟು ದಾಟುವಷ್ಟರಲ್ಲಿ ಅಕ್ಕ ಮುಂದಿನವರ ಗಡ್ಡೆ ಸೀಳುತ್ತಿದ್ದಳು. ಅದು ಬೆಳ್ಳಗೆ ಬಂತು. ಒಂದನೇ ನಂಬರು ಎಂದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಯಾವೂರಿನ ಅಕ್ಕಿ ಎಂದು ಅವಳು ಹೇಳಲಿಲ್ಲ. ಉಂಡು, ಡಬ್ಬಿ ತೊಳೆದು, ಬಾಣಲೆಯ ಮುಂದೆ ನಿಂತಳು.

ಯುಗಾದಿ ಬಂತು. ಕರೆಯಲು ತೀರ್ಥೇಶ ಬರಲಿಲ್ಲ. ಹಬ್ಬದ ಮಾರನೇ ದಿನವೂ ಅಕ್ಕ ಕೆಲಸಕ್ಕೆ ಬಂದಳು, ಹಮಾಲರೂ ಬಂದಿರದ ಶೆಡ್ಡಿಗೆ. ಬಾಗಿಲು ತೆಗೆಯಲೆಂದು ನಾನು ಬಂದಿದ್ದೆ. ಇಬ್ಬರೂ ಎದುರೆದುರು ಕೂತು ಹೋಳಿಗೆ ತಿಂದೆವು. ನಮ್ಮವ್ವನದು. "ಚಲೋ ಐತಾ?" ಎಂದು ಕೇಳಿದೆ. "ಸಿಹಿ ಐತೆ," ಎಂದಳು.

ಆಮೇಲೆ ಕೊನೆಯ ಲಾರಿಯೂ ಹೋಯಿತು. ಆ ವರ್ಷದ ಖರೀದಿ ಮುಗಿಯಿತು ಎಂದು ಮೇಲಿನವರು ಹೇಳಿದರು. ಅಗೆಯುವಾಗ ರೈತರಿಗೆ ಕೊಟ್ಟಿದ್ದ ಪ್ಲಾಸ್ಟಿಕ್ ಕ್ರೇಟುಗಳನ್ನು ವಾಪಸ್ ತರುವ ಘನವಾದ ಜವಾಬ್ದಾರಿ ಕ್ವಾಲಿಟಿ ಎಕ್ಸಿಕ್ಯೂಟಿವ್ ಮೇಲೆ ಬಿತ್ತು. ಕುಬಟೂರಿಗೆ ಹೊರಡುವ ದಿನ ಅಕ್ಕ ಬೈಕಿನ ಪಕ್ಕ ಬಂದು ನಿಂತಳು.

"ಕ್ರೇಟ್ ಗಟ್ಟಿ ಇದಾವೋ ಒಡೆದಿದಾವೋ ನಿಮಗೆ ಗೊತ್ತಾಗಲ್ಲ. ನಾನೂ ಬರ್ತೀನಿ."

ನನಗೆ ಗೊತ್ತಾಗುವುದಿಲ್ಲ ಎಂಬುದು ನಿಜವೇ ಆಗಿದ್ದರಿಂದ ಹತ್ತಿಸಿಕೊಂಡೆ. ಕುಬಟೂರಿನ ದೇವಸ್ಥಾನದ ಹತ್ತಿರ ತಿರುವಿನಲ್ಲಿ ಅವಳು, "ಮೆಲ್ಲಗೆ," ಎಂದಳು. ನಾನು ಮೆಲ್ಲಗೇ ಹೋಗುತ್ತಿದ್ದೆ.

ತೀರ್ಥೇಶನ ಮನೆಯ ಜಗಲಿಯ ಮೇಲೆ ಆಲೂಗಡ್ಡೆ ಹರಡಿಕೊಂಡಿತ್ತು. ಒಂದಷ್ಟನ್ನು ಸಂತೆಗೆ ಹಾಕಿದ್ದರಂತೆ, ಒಂದಷ್ಟನ್ನು ನೆಂಟರಿಗೆ ಕೊಟ್ಟಿದ್ದರಂತೆ, ಉಳಿದದ್ದು ಇಲ್ಲಿ. ಮುಚ್ಚಿದ್ದ ಗೋಣಿಯ ಸಂದಿಯಲ್ಲಿ ಸಣ್ಣಗೆ ಮೊಳಕೆ ಕಾಣುತ್ತಿತ್ತು. ತೀರ್ಥೇಶ ಕ್ರೇಟು ಜೋಡಿಸುತ್ತಿದ್ದವನು ತಲೆ ಎತ್ತಿದ, ಮತ್ತೆ ಜೋಡಿಸಿದ. ಅಕ್ಕ ಅಂಗಳದಲ್ಲೇ ನಿಂತಳು. ಹೊಸ್ತಿಲು ಎದುರಿಗಿತ್ತು.

ನಯನ ಒಳಗಿಂದ ಬಂದಳು. ಅಕ್ಕನನ್ನು ನೋಡಿದಳು, ಜಗಲಿ ನೋಡಿದಳು.

"ದಿನಾ ಇದೇ," ಎಂದಳು. "ಹುಳಿಗೂ ಇದೇ, ಪಲ್ಯಕ್ಕೂ ಇದೇ. ನಿನ್ನ ತಮ್ಮ ತಟ್ಟೆ ನೋಡಿದ ಕೂಡ್ಲೇ ಎದ್ದು ಹೋಗ್ತಾರೆ. ಹಾಕ್ಸಿದೋಳು ನೀನು, ನೀನೇ ತಿನ್ಸು ಬಾ. ನನ್ನ ಕೈಲಿ ಇನ್ನಾಗಲ್ಲ ಅತ್ತಿಗೆ."

ಅಕ್ಕ ಚಪ್ಪಲಿ ಬಿಟ್ಟು, ನಾಲ್ಕು ಗಡ್ಡೆ ಎತ್ತಿಕೊಂಡು ಒಳಗೆ ಹೋದಳು. ಹೊಸ್ತಿಲು ದಾಟುವಾಗ ತಲೆ ಬಾಗಿಸಿದಳು. ಬಾಗಿಲು ಅಷ್ಟೇನೂ ಗಿಡ್ಡವಾಗಿರಲಿಲ್ಲ.

ನನ್ನನ್ನು ಅಡುಗೆಮನೆಯ ಬಾಗಿಲ ಹತ್ತಿರ ಮಣೆ ಹಾಕಿ ಕೂರಿಸಿದರು. ಅಕ್ಕ ಶೆಡ್ಡಿನಲ್ಲಿ ಮಾಡಿದಂತೆಯೇ ಸೀಳಿ, ಒರೆಸಿ, ಬಾಣಲೆಗೆ ಬಿಟ್ಟಳು. ಗಂಟೆ ಇರಲಿಲ್ಲ. ಅವಳ ಕೈ ತಾನಾಗಿ ಜಾಲರಿ ಎತ್ತಿತು.

ಬೆಳ್ಳಗಿದ್ದವು.

ನಾನು ಎದ್ದು ಹೋಗಿ ನೋಡಿದೆ. ಅಂಗಿಯ ಜೇಬಿನಲ್ಲಿ ಕಾರ್ಡಿತ್ತು. ಊರ ಮೇಲೆ ಹೋಗುವಾಗಲೂ ಅದನ್ನು ಇಟ್ಟುಕೊಂಡೇ ಹೋಗುವಷ್ಟು ನಿಷ್ಠೆ ನನ್ನದು. ತೆಗೆದು ಪಕ್ಕದಲ್ಲಿ ಹಿಡಿದೆ. ಒಂದನೇ ನಂಬರು, ಅನುಮಾನವೇ ಇಲ್ಲ. ಇಷ್ಟು ದಿನ ಜಗಲಿಯ ಮೇಲೆ, ಅಕ್ಕ ಹೇಳಿದ್ದ ಆ ತಂಪಿನಲ್ಲಿ ಬಿದ್ದುಕೊಂಡು, ಒಳಗಿನ ಸಿಹಿ ಇಳಿದುಹೋಗಿತ್ತು. ಅದೂ ವಿಡಿಯೋದಲ್ಲಿ ಇತ್ತೆಂದು ಆಗ ನೆನಪಾಯಿತು. ವಿಡಿಯೋ ಅಲ್ಲಿಗೆ ಬರುವ ಹೊತ್ತಿಗೆ ನಾನು ಅರ್ಧ ನಿದ್ದೆಯಲ್ಲಿದ್ದಿರಬೇಕು.

ಅಕ್ಕ ಕಾರ್ಡು ನೋಡಿದಳು, ಕಡ್ಡಿ ನೋಡಿದಳು. ಹೊರಗೆ ತೀರ್ಥೇಶ ಕ್ರೇಟು ಎಣಿಸುವ ಸದ್ದು ಕೇಳುತ್ತಿತ್ತು.

"ಪಾಸು," ಎಂದೆ.

"ಒಳಗಿಡಿ ಅದನ್ನ."

"ಅಲ್ಲಕ್ಕ, ಇದು ಈಗ..."

"ಲಾರಿ ಐತಾ?"

ಇರಲಿಲ್ಲ. ಕಾರ್ಡನ್ನು ಜೇಬಿಗೆ ಹಾಕಿದೆ.

ನಯನ ತಟ್ಟೆ ತಂದವಳು ಜಾಲರಿಯೊಳಗೆ ಬಗ್ಗಿ ನೋಡಿ, "ಇದೆಂತ ಅತ್ತಿಗೆ, ಹಸಿ ಹಸಿ ತೆಗ್ದೀಯ? ನಿನ್ನ ಕೈಗೆ ಎಂತ ಆಯ್ತು?" ಎಂದಳು.

"ಅಲ್ಲಿ ಹಿಂಗೇ ತೆಗೆದು ತೆಗೆದು ಕೈ ಕೆಟ್ಟೈತೆ," ಎಂದಳು ಅಕ್ಕ. ಎಲ್ಲವನ್ನೂ ಮತ್ತೆ ಎಣ್ಣೆಗೆ ಬಿಟ್ಟಳು. ಈ ಸಲ ಬಹಳ ಹೊತ್ತು ಬಿಟ್ಟಳು. ಮೊದಲಿನ ಚೌಕ ದಾಟಿತು, ಎರಡನೆಯದು ದಾಟಿತು. ಕೊನೆಯ ಚೌಕದ ಹತ್ತಿರ ಬಂದಾಗ ಎತ್ತಿ, ಉಪ್ಪು ಖಾರ ಉದುರಿಸಿ ತಟ್ಟೆಗೆ ಹಾಕಿದಳು.

ತೀರ್ಥೇಶ ಜಗಲಿಯಲ್ಲಿ ಕೂತು ತಿಂದ. ಮೊದಲು ಒಂದು ಕಡ್ಡಿ, ಆಮೇಲೆ ಹಿಡಿಹಿಡಿಯಾಗಿ. ಅವನು ಅಕ್ಕನನ್ನು ನೋಡಲಿಲ್ಲ, ಅಕ್ಕ ಬಾಗಿಲಲ್ಲಿ ನಿಂತು ತಟ್ಟೆಯನ್ನೇ ನೋಡುತ್ತಿದ್ದಳು. ಕೊನೆಗೆ ಖಾಲಿ ತಟ್ಟೆಯನ್ನು ಅವಳ ಕಡೆ ಸರಿಸಿ, "ಇನ್ನೊಂಚೂರು ಹಾಕು, ಅಕ್ಕ," ಎಂದ.

ಅಕ್ಕ ಜಗಲಿಗೆ ಬಂದು ಗೋಣಿ ಸರಿಸಿದಳು. ಮೊಳಕೆ ಮುರಿದು ಮುರಿದು ಅಂಗಳಕ್ಕೆ ಎಸೆಯುತ್ತ, ಸೆರಗಿಗೆ ಗಡ್ಡೆ ತುಂಬಿಕೊಂಡಳು. ನನ್ನ ಕಡೆ ತಿರುಗಿ, "ಸಾರೇ, ನೀವು ಕ್ರೇಟ್ ತಗಂಡು ಹೊರಡ್ರಿ. ನಾ ಸಂಜೆ ಬಸ್ಸಿಗೆ ಬರ್ತೀನಿ," ಎಂದಳು.

ಕ್ರೇಟುಗಳನ್ನು ಬೈಕಿನ ಹಿಂದೆ ಕಟ್ಟಿದೆ. ಎರಡು ಒಡೆದಿದ್ದವು, ನನಗೆ ಗೊತ್ತಾಗಿದ್ದು ಶೆಡ್ಡಿಗೆ ಬಂದ ಮೇಲೆ.